ಗೃಹವೈದ್ಯ: ಬಾಯಿ ಕಟ್ಟಿಕೊಳ್ಳುವ ವ್ಯಾಧಿಗಳು

ಹೊಸನಗರ ಸೀಮೆಯ ಗೃಹಸ್ಥರೊಬ್ಬರ ಕಾಗದವು ಕೆಲವು ದಿನಗಳಿಂದ ನಮ್ಮ ಮೇಜಿನ ಮೇಲಿದೆ. ಅವರ ತಮ್ಮನಿಗೆ 24 ವರ್ಷ. ಒಂದು ವರ್ಷದಿಂದೀಚೆಗೆ ಸಾರಿನ ಖಾರ ತಾಕಿದರೆ ಬಾಯಿ ಉರಿಯುತ್ತಿತ್ತಂತೆ. ಈಗ ದೊಡ್ಡ ತುತ್ತು ಒಳಕ್ಕೆ ಹೋಗುವುದಿಲ್ಲ. ಮನೆಯ ಹಿರಿಯರು ಇದು ಧನುರ್ವಾಯುವೇ ಇರಬೇಕೆಂದು ಕಂಗಾಲಾಗಿದ್ದಾರೆ. ನೆರೆಯವರೋ ದವಡೆ ಹಿಡಿದುಕೊಂಡಿದೆ, ಎಣ್ಣೆ ತಿಕ್ಕಿದರೆ ಬಿಡುತ್ತದೆ ಎಂದು ಸಮಾಧಾನ ಹೇಳಿದ್ದಾರೆ. ಈ ಎರಡು ಅಭಿಪ್ರಾಯಗಳೂ ತಪ್ಪೆಂದೇ ನಮಗೆ ತೋರುತ್ತದೆ. ಸಾಗರ, ತೀರ್ಥಹಳ್ಳಿಗಳ ಮನೆಗಳಲ್ಲಿಯೂ ಇದೇ ಗೊಂದಲವಿರುವುದರಿಂದ ಉತ್ತರವನ್ನು ಎಲ್ಲ ವಾಚಕರಿಗಾಗಿ ಇಲ್ಲಿ ಬರೆಯುತ್ತೇವೆ.

ಮೊದಲು ಅಳತೆ. ಆರೋಗ್ಯವಂತನಾದ ವಯಸ್ಕನು ತನ್ನದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಕೆಳಗೊಂದಾಗಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಬಲ್ಲನು. ಎರಡೇ ಬೆರಳು ಹಿಡಿದರೆ ಏನೋ ಕುಂದಿದೆಯೆಂದು ತಿಳಿಯಬೇಕು. ಆ ಕುಂದು ಎಷ್ಟು ಕಾಲದಲ್ಲಿ ಬಂದಿತೆಂಬುದೇ ಮುಖ್ಯವಾದ ಪ್ರಶ್ನೆ. ಎರಡು ಮೂರು ದಿನಗಳಲ್ಲಿ ನೋವು, ಬಾವು, ಜ್ವರಗಳೊಡನೆ ಬಂದಿದ್ದರೆ ಬುದ್ಧಿಹಲ್ಲಿನ ಸುತ್ತಣ ಬಾವು, ಹಲ್ಲಿನ ಬುಡದ ಕೀವು ಅಥವಾ ಮಂಗನಬಾವು ಇರಬಹುದು. ಇವುಗಳಿಗೆ ದಂತವೈದ್ಯರೂ ಡಾಕ್ಟರೂ ಇದ್ದಾರೆ. ಹೆಚ್ಚು ವಿಸ್ತರಿಸುವ ಅವಶ್ಯವಿಲ್ಲ.

ಧನುರ್ವಾಯುವಿನ ಗತಿಯೇ ಬೇರೆ. ಇದರ ಸೂಕ್ಷ್ಮಜೀವಿಯನ್ನು ಜಪಾನಿನ ಕಿಟಸಾಟೋ ಎಂಬ ವಿದ್ವಾಂಸನು 1889ರಲ್ಲಿ ಬೇರ್ಪಡಿಸಿ ಬೆಳೆಸಿ ತೋರಿಸಿದನು. ಅದು ಮಣ್ಣಿನಲ್ಲಿಯೂ ದನಕುದುರೆಗಳ ಸಗಣಿ ಲದ್ದಿಗಳಲ್ಲಿಯೂ ವಾಸಿಸುತ್ತದೆ. ಆದುದರಿಂದ ಕೊಟ್ಟಿಗೆಗೊಬ್ಬರ ಹೊತ್ತು ಬರಿಗಾಲಿನಲ್ಲಿ ತೋಟ ತಿರುಗುವ ನಮ್ಮ ಮಲೆನಾಡಿಗರಿಗೆ ಅದು ದೂರದ ಶತ್ರುವಲ್ಲ. ಮುಳ್ಳು ಚುಚ್ಚಿದ ಅಥವಾ ಕತ್ತಿ ತಾಗಿದ ಗಾಯದಲ್ಲಿ ಗಾಳಿಯಿಲ್ಲದ ಆಳ ಸಿಕ್ಕಿದರೆ ಅದು ವಿಷವನ್ನು ಮಾಡುತ್ತದೆ. ಸಾಧಾರಣವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ. ಆಮೇಲೆ ಕತ್ತು, ಹೊಟ್ಟೆ, ಬೆನ್ನು. ಬಾಗಿಲು ಬಡಿದ ಸದ್ದಿಗೂ ಮೈ ಸೆಟೆದು ಬಿಲ್ಲಾಗುತ್ತದೆ. ರೋಗಿಗೆ ಎಚ್ಚರ ತಪ್ಪುವುದಿಲ್ಲವೆಂಬುದೇ ಅದರ ಘೋರತೆ. ಇಂಥ ಸಂಶಯ ಬಂದರೆ ಎಣ್ಣೆ, ಕಷಾಯಗಳಲ್ಲಿ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬಾಯಿಗೆ ನೀರು ಹಾಕಬಾರದು.

ಇದು ಒಮ್ಮೆ ಬಂದು ವಾಸಿಯಾದರೂ ಮತ್ತೆ ಬರಬಹುದು. ರಕ್ಷಣೆ ಚುಚ್ಚುಮದ್ದಿನಿಂದ ಮಾತ್ರ. ಕೂಸಿಗೆ 6, 10 ಮತ್ತು 14 ವಾರಗಳಲ್ಲಿ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ, 5 ವರ್ಷ ತುಂಬಿದ ಮೇಲೆ, 10 ಮತ್ತು 16ನೆಯ ವರ್ಷಗಳಲ್ಲಿ, ಹೆಣ್ಣುಮಕ್ಕಳು ಬಸುರಿಯರಾದಾಗ ಕೊಡಿಸತಕ್ಕದ್ದು. ಬಾಣಂತಿಯ ಕೋಣೆಯಲ್ಲಿ ಹೊಕ್ಕಳಬಳ್ಳಿಗೆ ಸಗಣಿ, ಬೂದಿ ಹಚ್ಚುತ್ತಿದ್ದ ಕಾಲದಲ್ಲಿ ಮೊಲೆ ಕುಡಿಯುತ್ತಿದ್ದ ಶಿಶು ಮೊದಲ ವಾರ ಕಳೆಯುವುದರೊಳಗೆ ಬಾಯಿ ಕಚ್ಚಿ ತೀರಿಹೋಗುತ್ತಿತ್ತು. ತಾಯಂದಿರ ಚುಚ್ಚುಮದ್ದು ಮತ್ತು ಶುದ್ಧವಾದ ಹೆರಿಗೆಗಳಿಂದ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಮ್ಮ ದೇಶವು ತೊಲಗಿಸಿತೆಂದು 2015ರಲ್ಲಿ ಘೋಷಿಸಲಾಯಿತು. ಗೃಹಸ್ಥರಾದರೋ ತಮ್ಮ ಕೊನೆಯ ಚುಚ್ಚುಮದ್ದು ಯಾವಾಗ ಆಯಿತೆಂಬುದನ್ನೇ ಮರೆತಿರುತ್ತಾರೆ. 10 ವರ್ಷಕ್ಕೊಮ್ಮೆ ಅದು ಬೇಕು.

ಈಗ ಕಾಗದದ ವಿಷಯಕ್ಕೆ ಬರೋಣ. ಒಂದು ವರ್ಷದಿಂದ ಮೆಲ್ಲಮೆಲ್ಲನೆ ಬಾಯಿ ಕಿರಿದಾಗುವುದು ಧನುರ್ವಾಯುವಲ್ಲ. ಉರಿ, ಕೆನ್ನೆಯ ಒಳಗೋಡೆ ಬಿಳಿಚಿಕೊಳ್ಳುವುದು, ಬೆರಳಿಗೆ ಹಗ್ಗದಂತೆ ಸಿಕ್ಕುವ ಗಡುಸಾದ ಎಳೆಗಳು, ನಾಲಗೆಯನ್ನು ಹೊರಚಾಚಲಾರದಿರುವುದು, ಸಿಳ್ಳು ಹಾಕಲಾರದಿರುವುದು, ಇವೆಲ್ಲ ಕೂಡಿದರೆ ಅದು ಅಡಿಕೆಯಿಂದ ಬರುವ ನಾರುಗಟ್ಟುವ ರೋಗ. ಪತ್ರದ ಕೊನೆಯ ಸಾಲಿನಲ್ಲಿ ಅವರೇ ಬರೆದಿದ್ದಾರೆ: ಹುಡುಗನ ಜೇಬಿನಲ್ಲಿ ಸದಾ ಪುಡಿ ಅಡಿಕೆಯ ಪೊಟ್ಟಣವಿರುತ್ತದೆ, ಆದರೆ ಅವನು ಹೊಗೆಸೊಪ್ಪನ್ನು ಮುಟ್ಟುವವನಲ್ಲ.

ಈ 'ಆದರೆ'ಯಲ್ಲಿಯೇ ಮೋಸವಿದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯನು ಕೀನ್ಯದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಈ ರೋಗವನ್ನು ವರ್ಣಿಸಿದನು; ಮರುವರ್ಷ ಮುಂಬಯಿಯ ಡಾಕ್ಟರ್ ಜೋಶಿಯವರು ಇಲ್ಲಿಯೂ ಅದನ್ನು ಗುರುತಿಸಿದರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ತ್ವವು ಕೆನ್ನೆಯ ಒಳಚರ್ಮದಡಿಯಲ್ಲಿ ನಾರನ್ನು ಅತಿಯಾಗಿ ಹುಟ್ಟಿಸುತ್ತದೆ. ಅಡಿಕೆ ಬೇಯಿಸಿದ ಚೊಗರು ಎಂಥ ಒಗರೆಂಬುದು ನಮ್ಮವರಿಗೆ ಗೊತ್ತು. ಟ್ಯಾನಿನ್ ಎಂಬ ಆ ಜಾತಿಯ ಒಗರಿನಿಂದಲೇ ಹಸಿ ತೊಗಲನ್ನು ಹದಮಾಡುತ್ತಾರೆ. ಬಾಯೊಳಗೂ ಅದು ಹುಟ್ಟಿದ ನಾರನ್ನು ಕರಗಗೊಡದೆ ಗಟ್ಟಿಮಾಡುತ್ತದೆ. ಹೊಗೆಸೊಪ್ಪು ಬೆರೆಯದ ಅಡಿಕೆಯೂ ಕ್ಯಾನ್ಸರ್ ತರತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಈ ರೋಗವಿದ್ದ 66 ಮಂದಿಯನ್ನು 17 ವರ್ಷಗಳ ಕಾಲ ಗಮನಿಸಿದಾಗ ಐವರಿಗೆ ಬಾಯಿಯ ಕ್ಯಾನ್ಸರ್ ತಗಲಿತ್ತು.

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಅನ್ನ, ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ ಎಲ್ಲವೂ ಅಡಿಕೆಯ ಕೊನೆಯಿಂದಲೇ ಇಳಿದುಬಂದವು. ಬಂದವರ ಮುಂದೆ ಕವಳದ ತಟ್ಟೆ ಇಡದ ಮನೆಯನ್ನು ಮನೆಯೆಂದು ನಮ್ಮ ಅಜ್ಜಿಯರು ಒಪ್ಪುತ್ತಿರಲಿಲ್ಲ. ಮಂಗಲಕಾರ್ಯದ ತಾಂಬೂಲವನ್ನು ನಾವು ದೂಷಿಸುತ್ತಿಲ್ಲ. ಆದರೆ ಹೊತ್ತುಹೊತ್ತಿಗೂ ಕೆನ್ನೆಯಲ್ಲಿ ಇಟ್ಟುಕೊಳ್ಳುವ ಕವಳ ಬೇರೆ. ಪೊಟ್ಟಣದ ಒಣ ಪುಡಿಯಂತೂ ಅದಕ್ಕಿಂತಲೂ ಬೇಗ ಬಾಯನ್ನು ಕಟ್ಟುತ್ತದೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಸಿಹಿ ಅಡಿಕೆಯ ಪೊಟ್ಟಣವನ್ನು ಶಾಲೆಯ ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕಾದವರು ಮನೆಯವರೇ.

ಪತ್ರ ಬರೆದ ಮಹನೀಯರಿಗೆ ಮರೆಮಾಚದೆ ಹೇಳಬೇಕಾದ ಮಾತೊಂದಿದೆ. ಒಮ್ಮೆ ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ. ಅಡಿಕೆಯನ್ನು ಇಂದೇ ಬಿಟ್ಟರೆ ರೋಗವು ಮುಂದುವರಿಯುವುದು ತಗ್ಗುತ್ತದೆ, ಉರಿಯೂ ಇಳಿಯುತ್ತದೆ. ತಮ್ಮನನ್ನು ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗಾಗಲಿ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕಾಗಲಿ ಕರೆದೊಯ್ಯಿರಿ. ಅಲ್ಲಿ ಕೆನ್ನೆಗೆ ಚುಚ್ಚುಮದ್ದು ಕೊಡುವುದುಂಟು. ಬಾಯಿ ತೀರ ಮುಚ್ಚಿದ್ದರೆ ಶಸ್ತ್ರಚಿಕಿತ್ಸೆ. ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಎರಡು ವಾರಕ್ಕಿಂತ ಕಾಯಬೇಡಿ. ಬೈಗುಳದಿಂದ ಚಟ ಬಿಡುವುದಿಲ್ಲ. ಹಿರಿಯರೂ ಅವನೆದುರಿಗೆ ಕವಳ ಹಾಕುವುದನ್ನು ನಿಲ್ಲಿಸಿದರೆ ಅವನಿಗೆ ಸುಲಭವಾದೀತು.

ಮನೆಯಲ್ಲಿ ಮಾಡಬಹುದಾದ ವ್ಯಾಯಾಮವೊಂದುಂಟು, ವೈದ್ಯರ ಅಪ್ಪಣೆ ಪಡೆದು ಮಾಡಿಸಿ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ಎಷ್ಟು ಹಿಡಿಯುತ್ತವೆಯೋ ಅಷ್ಟನ್ನು ಕೆಲವು ನಿಮಿಷ ಇಟ್ಟುಕೊಳ್ಳುವುದು. ದಿನಕ್ಕೆ ನಾಲ್ಕಾರು ಬಾರಿ. ನೋವಾಗದಂತೆ, ಕೆಲವು ದಿನಗಳಿಗೊಂದು ಕಡ್ಡಿ ಹೆಚ್ಚಿಸುತ್ತ ಹೋಗುವುದು. ಪ್ರತಿ ತಿಂಗಳ ಮೊದಲ ದಿನ ಕಡ್ಡಿಗಳ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಅಂಚಿನಲ್ಲಿ ಬರೆದಿಡಿ. ವೈದ್ಯರು ಕೇಳಿದಾಗ ಆ ಹಾಳೆಗಳನ್ನೇ ತೋರಿಸಬಹುದು.