ನೀರಿನ ವರದಿ ಕೇಳಿ, ಲ್ಯಾಬಿನ ಕಾಗದವನ್ನೂ ಕೇಳಿ

ಹೊಳಲ್ಕೆರೆ ತಾಲ್ಲೂಕಿನ, ಅದರಲ್ಲೂ ಚಿಕ್ಕಜಾಜೂರು ಸುತ್ತಮುತ್ತಲ ಹಳ್ಳಿಗಳ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನದೊಂದು ವಿನಂತಿ. ದಿನ ಬೆಳಗಾದರೆ ಕ್ಯಾನ್ ಹಿಡಿದು ಹೋಗುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಎಲ್ಲಾದರೂ ಒಂದು ಪರೀಕ್ಷಾ ವರದಿ ಅಂಟಿಸಿದ್ದಾರೆಯೇ ನೋಡಿ. ಇದ್ದರೆ ಐದು ನಿಮಿಷ ನಿಂತು ಪೂರ್ತಿ ಓದಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ನಮ್ಮ ಭಾಗದ ಒಂದು ಘಟಕದಲ್ಲಿ ಲ್ಯಾಮಿನೇಷನ್ ಮಾಡಿಸಿ ತೂಗುಹಾಕಿದ್ದ ವರದಿಯನ್ನು ನಾನು ಮೇಲಿಂದ ಕೆಳಗಿನವರೆಗೆ ಓದಿದೆ. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಎಲ್ಲದರ ಮುಂದೆಯೂ ಅಂಕಿ ಇತ್ತು. ಎಲ್ಲವೂ ಮಿತಿಯೊಳಗೇ ಇದ್ದವು. ಕೊನೆಗೆ ದಪ್ಪ ಅಕ್ಷರದಲ್ಲಿ 'ಕುಡಿಯಲು ಯೋಗ್ಯ'. ಅದರ ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ ಎರಡು ಸಾಲು: ಮಾದರಿಯನ್ನು ಗ್ರಾಹಕರೇ ತಂದುಕೊಟ್ಟದ್ದು, ಫಲಿತಾಂಶ ಈ ಮಾದರಿಗೆ ಮಾತ್ರ ಅನ್ವಯ. ಹಾಗೆ ಬರೆದದ್ದು ಲ್ಯಾಬಿನವರ ತಪ್ಪಲ್ಲ, ಬರೆಯಲೇಬೇಕೆಂಬ ನಿಯಮವೇ ಇದೆ. ಆದರೆ ಆ ಎರಡು ಸಾಲಿನ ಮೂಲಕ ಲ್ಯಾಬು ನಮಗೆ ಹೇಳುತ್ತಿರುವುದು ಇಷ್ಟು: ನಮ್ಮ ಮೇಜಿಗೆ ಬಂದ ಬಾಟಲಿಯ ನೀರು ಚೆನ್ನಾಗಿತ್ತು, ಅದು ಯಾವ ನಲ್ಲಿಯದು ಎಂಬುದಕ್ಕೆ ನಾವು ಜವಾಬ್ದಾರರಲ್ಲ. ವರದಿಯ ತಾರೀಖು ಎರಡು ವರ್ಷದ ಹಿಂದಿನದು. ಸಹಿ ಇತ್ತು, ಸಹಿ ಹಾಕಿದವರ ಹೆಸರಿರಲಿಲ್ಲ. ಲ್ಯಾಬಿಗೆ ಮಾನ್ಯತೆ ಇದೆಯೋ ಇಲ್ಲವೋ ಎಂಬ ಸುಳಿವೂ ಇರಲಿಲ್ಲ. ಅದೇ ಕಾಗದವನ್ನು ನಂಬಿ ಎಷ್ಟು ತಾಯಂದಿರು ಮಕ್ಕಳ ಶಾಲೆಯ ಬಾಟಲಿ ತುಂಬಿಸಿ ಕಳಿಸಿದ್ದಾರೋ ಎಂದು ನೆನೆದು ಸಂಕಟವಾಯಿತು.

ನಮ್ಮದು ಬೋರ್‌ವೆಲ್ ನಂಬಿದ ಜಿಲ್ಲೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ನೀರಿಗೆ ಕಾಯುತ್ತಾ ನೂರಾರು ಅಡಿ ಆಳದಿಂದ ಎತ್ತಿದ್ದನ್ನೇ ಕುಡಿಯುತ್ತಾ ಬಂದಿದ್ದೇವೆ. ಆಳಕ್ಕೆ ಹೋದಷ್ಟೂ ಕಲ್ಲಿನ ಸಾರ ನೀರಿಗೆ ಇಳಿಯುತ್ತದೆ. ಚಿತ್ರದುರ್ಗ ಜಿಲ್ಲೆಗೆ ಫ್ಲೋರೈಡ್ ಹೊಸ ಮಾತಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ರೂಪಿಸಿದ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದದ್ದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಮಂಡಿ, ಬೆನ್ನುಮೂಳೆಗಳಲ್ಲಿ ಬಿಗಿತ. ಇದಕ್ಕೆಂದೇ ಆರ್‌ಒ ಘಟಕಗಳು ಬಂದವು. ಆದರೆ ಆರ್‌ಒ ಯಂತ್ರದ ಪೊರೆ ಹಳತಾದಂತೆ ಸೋಸುವ ಶಕ್ತಿ ಕುಗ್ಗುತ್ತದೆ. ಪೊರೆ ಬದಲಿಸಿದ ದಿನ ತೆಗೆದ ವರದಿ ಎರಡು ವರ್ಷದ ನಂತರದ ನೀರಿನ ಬಗ್ಗೆ ಏನೂ ಹೇಳುವುದಿಲ್ಲ.

ಟಿಡಿಎಸ್ ಪೆನ್ ಅದ್ದಿ '80 ತೋರಿಸ್ತಾ ಇದೆ, ನೀರು ಸೂಪರ್' ಎನ್ನುವವರಿದ್ದಾರೆ. ಆ ಪೆನ್ನು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಕರಗಿದ ಒಟ್ಟು ಲವಣಗಳ ಅಂದಾಜು ಅದರಿಂದ ಸಿಗುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂಬುದು ಅದಕ್ಕೆ ತಿಳಿಯದು. ಮಲದಿಂದ ಬರುವ ಇ-ಕೋಲೈ ಬ್ಯಾಕ್ಟೀರಿಯಾ ಇದ್ದರೂ ತಿಳಿಯದು. ಇ-ಕೋಲೈ ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬಾಟಲಿ ಬೇಕು, ತಂಪಾಗಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು, ಫಲಿತಾಂಶಕ್ಕೆ ಒಂದೆರಡು ದಿನ ಕಾಯಬೇಕು. ಜೇಬಿನ ಪೆನ್ನಿನಿಂದ ಆಗುವ ಕೆಲಸವಲ್ಲ.

2023ರ ಆಗಸ್ಟ್ ಮೊದಲ ವಾರವನ್ನು ಈ ಜಿಲ್ಲೆಯ ಯಾರೂ ಮರೆಯಬಾರದು. ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಬಿಟ್ಟರು. ಮೊದಲ ದಿನಗಳಲ್ಲಿ ನೀರಿಗೆ ವಿಷ ಬೆರೆಸಿದ್ದಾರೆಂಬ ಅನುಮಾನವೂ ಎದ್ದಿತು. ಮಾದರಿಗಳು ಲ್ಯಾಬಿಗೆ ಹೋದವು, ಇಡೀ ಜಿಲ್ಲೆ ವರದಿಗಾಗಿ ಕಾದು ಕೂತಿತು. ಜೀವ ಹೋದ ಮೇಲೆ ಬರುವ ವರದಿಗೆ ಅಷ್ಟು ಕಾಯುವ ನಾವು, ಜೀವ ಇರುವಾಗ ಬರಬೇಕಾದ ವರದಿಯನ್ನು ಯಾಕೆ ಕೇಳುವುದಿಲ್ಲ?

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ವರದಿ ಕೇಳಿದರೆ ಸಾಲದು. ಆ ವರದಿ ಕೊಟ್ಟ ಲ್ಯಾಬಿನ ಮಾನ್ಯತೆಯ ಕಾಗದವನ್ನೂ ಕೇಳಬೇಕು.

ನಮ್ಮ ದೇಶದಲ್ಲಿ ಪರೀಕ್ಷಾ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್. ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗ. ಅದು ಅಳತೆಗೋಲಾಗಿ ಇಟ್ಟುಕೊಂಡಿರುವುದು ಐಎಸ್‌ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡ. ಈಗ ಚಾಲ್ತಿಯಲ್ಲಿರುವುದು ಅದರ 2017ರ ಆವೃತ್ತಿ. ನೀರು, ಆಹಾರ, ಸಿಮೆಂಟು, ವೈರು, ಆಟಿಕೆ, ಹೆಲ್ಮೆಟ್ಟು, ಇವುಗಳಲ್ಲಿ ಯಾವುದನ್ನು ಪರೀಕ್ಷಿಸುವ ಲ್ಯಾಬಾದರೂ ಇದೇ ಮಾನದಂಡಕ್ಕೆ ತಲೆಬಾಗಬೇಕು. ಮಾನ್ಯತೆ ಬೇಕೆಂದರೆ ಕಾಗದಗಳ ಕಟ್ಟೇ ಸಿದ್ಧವಾಗಬೇಕು. ಪ್ರತಿ ಉಪಕರಣದ ಅಳತೆ ಸರಿಯಿದೆಯೆಂದು ತೋರಿಸುವ ಕ್ಯಾಲಿಬ್ರೇಷನ್ ಪ್ರಮಾಣಪತ್ರ, ಆ ಉಪಕರಣವನ್ನು ಮುಟ್ಟುವ ಪ್ರತಿಯೊಬ್ಬರ ತರಬೇತಿಯ ದಾಖಲೆ, ಯಾವ ವಿಧಾನದಿಂದ ಪರೀಕ್ಷೆ ಮಾಡುತ್ತೀರಿ ಮತ್ತು ಅದು ನಿಮ್ಮ ಕೈಯಲ್ಲಿ ಸರಿಯಾಗಿ ಬರುತ್ತದೆಂಬುದಕ್ಕೆ ಪುರಾವೆ, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಲೆಕ್ಕ, ಮಾದರಿ ಬಂದ ಕ್ಷಣದಿಂದ ವಿಲೇವಾರಿಯವರೆಗಿನ ರಿಜಿಸ್ಟರು, ಒಂದೇ ಮಾದರಿಯನ್ನು ಹಲವು ಲ್ಯಾಬುಗಳಿಗೆ ಕೊಟ್ಟು ಫಲಿತಾಂಶ ತಾಳೆ ನೋಡುವ ಪರೀಕ್ಷೆಯಲ್ಲಿ ಭಾಗವಹಿಸಿದ ದಾಖಲೆ, ಆಂತರಿಕ ಪರಿಶೋಧನೆ. ಇವೆಲ್ಲದರ ಜೊತೆಗೆ ಯಾರ ಒತ್ತಡಕ್ಕೂ ಮಣಿಯದೆ ಕೆಲಸ ಮಾಡುತ್ತೇವೆಂಬ ನಿಷ್ಪಕ್ಷಪಾತದ ಬದ್ಧತೆ. ಆಮೇಲೆ ಪರಿಣತರು ಬಂದು ಎದುರಿಗೇ ಪರೀಕ್ಷೆ ಮಾಡಿಸಿ ನೋಡುತ್ತಾರೆ. ಕೊರತೆ ಕಂಡರೆ ಬರೆದುಕೊಡುತ್ತಾರೆ, ಸರಿಪಡಿಸಿ ತೋರಿಸುವವರೆಗೆ ಮಾನ್ಯತೆ ಸಿಗುವುದಿಲ್ಲ.

ಮಾನ್ಯತೆ ಸಿಕ್ಕ ಮೇಲೂ ಅದು ಲ್ಯಾಬಿನ ಎಲ್ಲ ಕೆಲಸಕ್ಕೂ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಿ. ಯಾವ ವಸ್ತುವಿನಲ್ಲಿ ಯಾವ ಅಂಶವನ್ನು ಯಾವ ವಿಧಾನದಿಂದ ಎಂದು ಸಾಲು ಸಾಲಾಗಿ ಬರೆದ ಪಟ್ಟಿಯೊಂದಿರುತ್ತದೆ. ಅದನ್ನು ಸ್ಕೋಪ್ ಎನ್ನುತ್ತಾರೆ. ಗಡಸುತನಕ್ಕೆ ಮಾನ್ಯತೆ ಇದ್ದು ಫ್ಲೋರೈಡಿಗೆ ಇಲ್ಲದಿರಬಹುದು. ರಾಸಾಯನಿಕ ಪರೀಕ್ಷೆಗೆ ಇದ್ದು ಬ್ಯಾಕ್ಟೀರಿಯಾ ಪರೀಕ್ಷೆಗೆ ಇಲ್ಲದಿರಬಹುದು. 'ನಮ್ಮದು ಎನ್‌ಎಬಿಎಲ್ ಲ್ಯಾಬು' ಎಂದ ಮಾತ್ರಕ್ಕೆ ತೃಪ್ತಿಪಡಬೇಡಿ, ಫ್ಲೋರೈಡಿಗೆ ಇದೆಯೇ ಎಂದು ಕೇಳಿ. ಎನ್‌ಎಬಿಎಲ್ ಜಾಲತಾಣದಲ್ಲಿ ಲ್ಯಾಬಿನ ಹೆಸರು ಹಾಕಿದರೆ ಪ್ರಮಾಣಪತ್ರ, ಅದರ ಅವಧಿ, ಸ್ಕೋಪ್ ಸಿಗುತ್ತವೆ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಎರಡು ನಿಮಿಷದ ಕೆಲಸ. ಚಿನ್ನ ಕೊಳ್ಳುವಾಗ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ ನೋಡುವುದನ್ನು ನಮ್ಮ ಜನ ಕಲಿತಿದ್ದಾರೆ. ನೀರಿನ ವಿಷಯದಲ್ಲೂ ಕಲಿಯೋಣ.

ಇಷ್ಟು ಕಾಗದ ಬೇಕೇ ಎಂದು ಕೇಳುವವರಿಗೆ ಬಳ್ಳಾರಿಯನ್ನು ನೆನಪಿಸುತ್ತೇನೆ. ನಮ್ಮ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಚಿತ್ರದುರ್ಗ, ರಾಯದುರ್ಗ ದಾಟಿದರೆ ಸಿಗುವ ಊರು ಅದು, ದೂರದ ದೇಶವಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ಆ ದ್ರಾವಣದ ಕೆಲವು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು ಎಂಬುದು ಆಮೇಲೆ ಹೊರಬಂತು. ಒಂದೇ ವಸ್ತು, ಎರಡು ಲ್ಯಾಬು, ಎರಡು ತೀರ್ಪು. ಇಂಥ ಹೊತ್ತಿನಲ್ಲಿ ಯಾವುದು ನಿಜ ಎಂದು ತಿಳಿಯಲು ಇರುವ ದಾರಿ ಒಂದೇ. ಮಾದರಿಯನ್ನು ಯಾರು ತೆಗೆದರು, ಹೇಗೆ ಸಾಗಿಸಿದರು, ಯಾವ ಉಪಕರಣ, ಅದರ ಕ್ಯಾಲಿಬ್ರೇಷನ್ ಎಂದು ಆಯಿತು, ಮೂಲ ಅಂಕಿಗಳೇನು ಎಂಬ ದಾಖಲೆಗಳನ್ನು ಎದುರುಬದುರು ಇಟ್ಟು ನೋಡುವುದು. ಆ ಕಾಗದ ಇಲ್ಲದಿದ್ದರೆ ಸತ್ತವರ ಮನೆಯವರಿಗೆ ಉತ್ತರ ಹೇಳುವವರೇ ಇರುವುದಿಲ್ಲ.

ಅಮೆರಿಕದವರೂ ಇದನ್ನು ಪೆಟ್ಟು ತಿಂದೇ ಕಲಿತರು. 2007ರಲ್ಲಿ ಸೀಸ ಬೆರೆತ ಬಣ್ಣದ ಆಟಿಕೆಗಳನ್ನು ಲಕ್ಷಗಟ್ಟಲೆ ಹಿಂದಕ್ಕೆ ಪಡೆಯಬೇಕಾಗಿ ಬಂದಾಗ, ಮರುವರ್ಷವೇ ಅಲ್ಲಿ ಹೊಸ ಕಾನೂನಾಯಿತು. ಮಕ್ಕಳ ವಸ್ತುಗಳನ್ನು ಸರ್ಕಾರ ಒಪ್ಪಿದ, 17025 ಮಾನ್ಯತೆ ಇರುವ ಲ್ಯಾಬಿನಲ್ಲೇ ಪರೀಕ್ಷಿಸಬೇಕು. ಲ್ಯಾಬು ಕಾರ್ಖಾನೆಯವರದ್ದೇ ಆಗಿದ್ದರೆ ಇನ್ನೂ ಹೆಚ್ಚಿನ ಕಾಗದ ಕೊಡಬೇಕು: ಫಲಿತಾಂಶ ಬದಲಿಸುವಂತೆ ಮಾಲೀಕರು ಒತ್ತಡ ಹಾಕಿದರೆ ಗುಟ್ಟಾಗಿ ಸರ್ಕಾರಕ್ಕೆ ದೂರು ಕೊಡಬಹುದೆಂದು ಸಿಬ್ಬಂದಿಗೆ ತಿಳಿಸಿ ತರಬೇತಿ ಕೊಟ್ಟಿದ್ದಕ್ಕೆ ದಾಖಲೆ ತೋರಿಸಬೇಕು. ಈ ಒಂದು ನಿಯಮ ನನಗೆ ಬಹಳ ಹಿಡಿಸಿತು. ಟೆಸ್ಟ್ ಮಾಡುವ ಹುಡುಗ ಅಥವಾ ಹುಡುಗಿಯ ಬೆನ್ನಿಗೆ ಕಾನೂನು ನಿಂತಿರಬೇಕು ಎಂಬುದನ್ನು ಅದು ಮರೆತಿಲ್ಲ.

ಲ್ಯಾಬು ನಡೆಸುವವರ ಕಷ್ಟವೂ ಸುಳ್ಳಲ್ಲ. ನಾಲ್ಕೈದು ಜನ ಇರುವ ಸಣ್ಣ ಲ್ಯಾಬಿನಲ್ಲಿ ಪರೀಕ್ಷೆ ಮಾಡುವವರೇ ರಿಜಿಸ್ಟರು ಬರೆಯಬೇಕು. ಎನ್‌ಎಬಿಎಲ್‌ಗೆ ಒಂದು ಅರ್ಜಿ, ಆಹಾರ ಸುರಕ್ಷತಾ ಪ್ರಾಧಿಕಾರದ ಅಧಿಸೂಚನೆಗೆ ಇನ್ನೊಂದು, ಬಿಐಎಸ್ ಮನ್ನಣೆಗೆ ಮತ್ತೊಂದು, ಪರಿಸರ ಕಾಯ್ದೆಯಡಿ ಮಗದೊಂದು. ಅದೇ ಕಟ್ಟಡದ ನಕ್ಷೆ, ಅದೇ ಸಿಬ್ಬಂದಿ ಪಟ್ಟಿ, ಅದೇ ಉಪಕರಣಗಳ ವಿವರವನ್ನು ನಾಲ್ಕು ಕಡೆ ನಾಲ್ಕು ನಮೂನೆಯಲ್ಲಿ ತುಂಬಬೇಕು. ಇದನ್ನು ಕಡಿಮೆ ಮಾಡಲೇಬೇಕು. ಒಂದು ಕಡೆ ಕೊಟ್ಟ ವಿವರವನ್ನು ಉಳಿದವರೂ ಒಪ್ಪಿಕೊಳ್ಳಲಿ. ಸರ್ಕಾರಿ ನೀರಿನ ಲ್ಯಾಬುಗಳಿಗೆ ಮಾನ್ಯತೆಯ ಶುಲ್ಕ, ಕ್ಯಾಲಿಬ್ರೇಷನ್ ಖರ್ಚು, ದಾಖಲೆ ನೋಡಿಕೊಳ್ಳಲು ಒಬ್ಬ ಕಾಯಂ ನೌಕರ, ಇಷ್ಟನ್ನು ಸರ್ಕಾರ ಕೊಡಲಿ. ಆದರೆ ಕ್ಯಾಲಿಬ್ರೇಷನ್ ಪತ್ರ, ಮಾದರಿ ರಿಜಿಸ್ಟರು, ಮೂಲ ಅಂಕಿಗಳ ಪುಸ್ತಕ, ನಿಷ್ಪಕ್ಷಪಾತದ ಬದ್ಧತೆ, ಈ ನಾಲ್ಕಕ್ಕೆ ಮಾತ್ರ ಸರಳೀಕರಣದ ಹೆಸರಿನಲ್ಲಿ ಯಾರೂ ಕೈ ಹಾಕಬಾರದು. ಅವು ಹೋದರೆ ವರದಿ ಬರೀ ಟೈಪು ಮಾಡಿದ ಹಾಳೆ.

ನಿಯಮಗಳು ನಮ್ಮ ಕಡೆಗೇ ಇವೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಮಾರ್ಗಸೂಚಿಯಲ್ಲಿ ನೀರಿನ ಲ್ಯಾಬುಗಳು ಎನ್‌ಎಬಿಎಲ್ ಮಾನ್ಯತೆ ಪಡೆಯಬೇಕು ಎಂದಿದೆ, ಸಾರ್ವಜನಿಕರು ಅಲ್ಪ ಶುಲ್ಕ ಕೊಟ್ಟು ತಮ್ಮ ಮನೆಯ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳಬಹುದು ಎಂದೂ ಇದೆ. ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸಲು ತರಬೇತಿ ಕೊಡಬೇಕು. ನಿಮ್ಮೂರಿನಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ, ಅದರೊಳಗಿನ ರಾಸಾಯನಿಕದ ಅವಧಿ ಮುಗಿದಿದೆಯೇ ಎಂದು ವಿಚಾರಿಸಿ. ಕಿಟ್ಟಿನಲ್ಲಿ ಬಣ್ಣ ಬದಲಾದರೆ ಅದು ಎಚ್ಚರಿಕೆ ಮಾತ್ರ, ಖಚಿತ ಮಾಡಿಕೊಳ್ಳಲು ಮಾದರಿ ಲ್ಯಾಬಿಗೇ ಹೋಗಬೇಕು. ವರದಿ ಕೇಳಿದರೂ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 2005ರ ಆ ಕಾಯ್ದೆಯಲ್ಲಿ ದಾಖಲೆಯ ನಕಲು ಪಡೆಯುವ ಹಕ್ಕಿನ ಜೊತೆಗೆ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಘಟಕ ನಡೆಸುವವರೊಡನೆ ಜಗಳಕ್ಕೆ ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಬಹಳಷ್ಟು ಜನ ನಮ್ಮವರೇ, ಅದೇ ನೀರನ್ನು ತಮ್ಮ ಮನೆಗೂ ಒಯ್ಯುವವರು. ನಾವು ಕೇಳತೊಡಗಿದರೆ ಸರಿಯಾಗಿ ನಡೆಸುವವರಿಗೇ ಬಲ ಬರುತ್ತದೆ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಊರಿನ ಪ್ರತಿ ಟ್ಯಾಂಕು, ಪ್ರತಿ ಘಟಕದ ನೀರಿನ ವರದಿಯನ್ನು ಪಿಡಿಒ ಅವರಿಂದ ಸಭೆಯಲ್ಲೇ ಗಟ್ಟಿಯಾಗಿ ಓದಿಸಿ. ಮಾದರಿ ತೆಗೆದವರು ಯಾರು, ಯಾವ ದಿನ, ಯಾವ ನಲ್ಲಿಯಿಂದ, ಲ್ಯಾಬಿನ ಮಾನ್ಯತೆ ಸಂಖ್ಯೆ ಏನು, ಅದರ ಸ್ಕೋಪಿನಲ್ಲಿ ಫ್ಲೋರೈಡ್ ಮತ್ತು ಇ-ಕೋಲೈ ಇವೆಯೇ ಎಂದು ಕೇಳಿ. ಉತ್ತರ ಏನೇ ಬರಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿಯೇ ಸಹಿ ಮಾಡಿ.