ಅಜ್ಜಿ ಕಂಡ ಚಿತ್ರ, ಮೊಮ್ಮಗಳು ಬರೆವ ಪ್ರಬಂಧ

ಪದವಿ ತರಗತಿಗಳಿಗೆ ಕನ್ನಡ ಬೋಧಿಸುತ್ತ, ವರ್ಷಕ್ಕೆರಡು ಬಾರಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿ ತಿದ್ದುತ್ತ ಮೂರು ದಶಕಗಳನ್ನು ಕಳೆದವನಾಗಿ ನಾನು ಒಂದು ಮಾತನ್ನು ಖೇದದಿಂದ ಹೇಳಬೇಕಾಗಿದೆ. ಪ್ರಬಂಧವನ್ನು ಬರೆಯಿರಿ ಎಂದು ಕೇಳಿದ ಪ್ರಶ್ನೆಗೆ ನೂರು ವಿದ್ಯಾರ್ಥಿಗಳು ಬರೆದ ಉತ್ತರಗಳನ್ನು ಒಂದರ ಪಕ್ಕದಲ್ಲೊಂದು ಇರಿಸಿ ನೋಡಿದರೆ, ಹೆಸರುಗಳೂ ಊರುಗಳೂ ಅನುಭವಗಳೂ ಬೇರೆಬೇರೆಯಾದ ಆ ನೂರು ಜನರೂ ಒಂದೇ ವಾಕ್ಯದಿಂದ ಆರಂಭಿಸಿ, ಒಂದೇ ಉಪಸಂಹಾರದಲ್ಲಿ ವಿರಮಿಸಿರುವುದು ಕಾಣುತ್ತದೆ. ವರದಕ್ಷಿಣೆಯ ಪಿಡುಗು, ಪರಿಸರ ಮಾಲಿನ್ಯ, ರಾಷ್ಟ್ರೀಯ ಭಾವೈಕ್ಯ ಇವೆಲ್ಲವೂ ಮಹತ್ತ್ವದ ವಿಷಯಗಳೇ ಸರಿ. ಆದರೆ ಗೈಡುಗಳಲ್ಲಿ ಸಿದ್ಧವಾಗಿ ದೊರೆಯುವ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸುವವನು ಬರೆಯುತ್ತಿಲ್ಲ, ನಕಲು ಮಾಡುತ್ತಿದ್ದಾನೆ. ಹಾಗೆ ಬರೆಯುವ ಮಕ್ಕಳಿಗೆ ಕನ್ನಡ ಬಾರದೆಂದು ದೂರುವುದು ಸುಲಭ. ಅದೇ ಮಕ್ಕಳು ಕಾಲೇಜಿನ ಜಗಲಿಯ ಮೇಲೆ ಕುಳಿತು ನಿನ್ನೆ ಕಂಡ ಚಿತ್ರದ ಗುಣದೋಷಗಳನ್ನು ಎಂತಹ ಸ್ಫುಟವಾದ, ಜೀವಂತವಾದ ಕನ್ನಡದಲ್ಲಿ ಚರ್ಚಿಸುತ್ತಾರೆಂಬುದನ್ನು ಕೇಳಿದವರು ಆ ದೂರನ್ನು ಒಪ್ಪಲಾರರು.

ಈ ಕಾರಣದಿಂದ ನನ್ನ ಸೂಚನೆ ಇಷ್ಟು: ಪದವಿ ತರಗತಿಯ ಬರವಣಿಗೆಯ ಪಾಠವನ್ನು ಒಂದು ವರ್ಷಾರ್ಧದ ಮಟ್ಟಿಗಾದರೂ, ಸಂದುಹೋದ ಒಂದು ದಶಕದ ಜನಪ್ರಿಯ ಸಂಸ್ಕೃತಿಯನ್ನು, ಎಂದರೆ ಆ ಕಾಲದ ಚಲನಚಿತ್ರ, ವಾರಪತ್ರಿಕೆ, ಧಾರಾವಾಹಿ ಕಾದಂಬರಿ, ಬಾನುಲಿ, ನಾಟಕ, ಜಾಹೀರಾತು ಇವುಗಳನ್ನು ಸಾಮಗ್ರಿಯಾಗಿ ಇರಿಸಿಕೊಂಡು ನಡೆಸಬೇಕು. ಕರ್ನಾಟಕದ ಮಟ್ಟಿಗೆ ಆ ದಶಕವನ್ನು ಆರಿಸುವ ಹೊಣೆ ನನ್ನದಾದರೆ ನಾನು 1970ರ ದಶಕವನ್ನೇ ಆರಿಸುವೆನು.

ಇಂದಿನ ಚಿತ್ರಗಳನ್ನೇ ಕೊಡಬಾರದೇಕೆ ಎಂದು ಕೇಳಬಹುದು. ಇಂದಿನದು ಕಣ್ಣಿಗೆ ತೀರ ಸಮೀಪವಾಗಿ ಹಿಡಿದ ಪುಸ್ತಕದಂತೆ. ಅಕ್ಷರ ಕಾಣುತ್ತದೆ, ಓದಲಾಗುವುದಿಲ್ಲ. ತನ್ನ ಮೆಚ್ಚಿನ ನಟನ ವಿಷಯದಲ್ಲಿ ಹದಿನೆಂಟರ ಹುಡುಗನು ವಿಚಾರ ಮಾಡುವುದಿಲ್ಲ, ಪಕ್ಷ ವಹಿಸುತ್ತಾನೆ. ಇನ್ನೂರು ವರ್ಷಗಳ ಹಿಂದಿನದಾದರೋ ಅವನ ಮನೆಯಲ್ಲಿ ಅದಕ್ಕೆ ಸಾಕ್ಷಿ ನುಡಿಯುವವರು ಯಾರೂ ಇಲ್ಲ. ಪುಸ್ತಕ ಹೇಳಿದ್ದನ್ನು ಅವನು ಪುನರುಚ್ಚರಿಸಬೇಕಷ್ಟೆ. ಐವತ್ತು ವರ್ಷಗಳ ಹಿಂದಿನ ದಶಕವು ಇವೆರಡರ ನಡುವೆ ಹದವಾದ ದೂರದಲ್ಲಿ ನಿಂತಿದೆ. ಅದರ ಭಾಷೆ ನಮ್ಮದೇ, ಅದರ ಹಾಡುಗಳು ಈಗಲೂ ಮದುವೆಮನೆಗಳಲ್ಲಿ ಕೇಳಿಬರುತ್ತವೆ, ಅದನ್ನು ಬಾಳಿದವರು ಅಡುಗೆಮನೆಯಲ್ಲೋ ಹಜಾರದಲ್ಲೋ ಇನ್ನೂ ಕುಳಿತಿದ್ದಾರೆ. ಆದರೂ ಆ ಲೋಕವನ್ನು ಓದುಗರಿಗೆ ತಿಳಿಸಬೇಕಾದರೆ ವಿದ್ಯಾರ್ಥಿಯು ಅದನ್ನು ವರ್ಣಿಸಬೇಕಾಗುತ್ತದೆ, ವಿಚಾರಿಸಬೇಕಾಗುತ್ತದೆ, ತೂಗಿನೋಡಬೇಕಾಗುತ್ತದೆ. ಬೆಂಗಳೂರಿಗೆ ದೂರದರ್ಶನವು ಬಂದುದು 1981ರಲ್ಲಿ. ಅದಕ್ಕೆ ಹಿಂದಿನ ದಶಕದಲ್ಲಿ ಒಂದು ಊರಿನ ಜನರೆಲ್ಲ ಒಂದೇ ಡೇರೆಯ ಕೆಳಗೆ ಮರಳಿನ ಮೇಲೆ ಕುಳಿತು ಒಂದೇ ಚಿತ್ರಕ್ಕೆ ಅತ್ತರೆಂಬುದನ್ನು ಇಂದಿನ ಯುವಕನಿಗೆ ಅರ್ಥವಾಗುವಂತೆ ಬರೆಯುವುದೇ ಒಂದು ಸಾಧನೆ.

ಉದಾಹರಣೆಗೆ 1972ನೆಯ ಇಸವಿಯೊಂದನ್ನೇ ನೋಡೋಣ. ಆ ವರ್ಷ ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ತೆರೆಗೆ ಬಂದಿತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷಕ್ಕೂ ಮಿಗಿಲಾಗಿ ಓಡಿತು. ಪಟ್ಟಣದ ಓದು ಮುಗಿಸಿದ ರಾಜೀವನು ಅಕ್ಕನ ಸಂಸಾರಕ್ಕಾಗಿ ಹಳ್ಳಿಯಲ್ಲಿ ನಿಂತು ಬಂಜರನ್ನು ಹಸುರಾಗಿಸಿ, ಕೊನೆಗೆ ತಾನು ಬೆಳೆಸಿದವರ ನಿಂದೆಯನ್ನು ಕೇಳಿ ಎಲ್ಲವನ್ನೂ ಬಿಟ್ಟು ಮೌನವಾಗಿ ಹೊರಟುಹೋಗುವ ಆ ಕಥೆಯನ್ನು ಕಂಡು ಎಷ್ಟೋ ವಿದ್ಯಾವಂತ ಯುವಕರು ಹಳ್ಳಿಗೆ ಮರಳಿ ನೇಗಿಲು ಹಿಡಿದರೆಂದು ನಾವೆಲ್ಲರೂ ಹೇಳುತ್ತ ಬಂದಿದ್ದೇವೆ. ಈ ಮಾತನ್ನೇ ವಿದ್ಯಾರ್ಥಿಯ ಮುಂದಿಟ್ಟು, ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿರಿ. ಅಂದಿನ ದಿನಪತ್ರಿಕೆಗಳ ಸಂಪುಟಗಳಲ್ಲಿ ಸಿನಿಮಾ ಜಾಹೀರಾತುಗಳನ್ನು ಎಣಿಸಿ ಚಿತ್ರವು ಎಷ್ಟು ವಾರ ಓಡಿತೆಂಬುದನ್ನು ಅವನೇ ನಿರ್ಧರಿಸಲಿ. ಹಾಗೆ ಮರಳಿದವರು ಊರಿನಲ್ಲಿ ಯಾರಾದರೂ ಇದ್ದರೇ ಎಂದು ಹಿರಿಯರನ್ನು ವಿಚಾರಿಸಲಿ. ಅನಂತರ, ಉಳುವವನಿಗೆ ಭೂಮಿಯನ್ನು ಕೊಡಬೇಕೆಂಬ ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚಿನಲ್ಲಿ ಜಾರಿಗೆ ಬಂದುದನ್ನು ನೆನೆದು, ಚಿತ್ರದ ರಾಜೀವನು ನೀಗಿಸಿದ ದಾರಿದ್ರ್ಯಕ್ಕೂ ಕಾನೂನು ನೀಗಿಸಹೊರಟ ದಾರಿದ್ರ್ಯಕ್ಕೂ ಏನು ಭೇದವೆಂದು ಎರಡು ಪುಟ ಬರೆಯಲಿ. ಪ್ರತೀತಿಯನ್ನು ಪ್ರಮಾಣದಿಂದ ಬೇರ್ಪಡಿಸುವ ವಿದ್ಯೆಯನ್ನು ಇದಕ್ಕಿಂತ ಹೃದ್ಯವಾಗಿ ಕಲಿಸುವ ಮಾರ್ಗವನ್ನು ನಾನರಿಯೆನು.

ಅದೇ ವರ್ಷ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳು ಅಲ್ಲಿ ಒಂದು ಚಿತ್ರವಾದುವು. ಚಿತ್ರದುರ್ಗದ ಬಂಡೆಗಳೇ ಒಂದು ಪಾತ್ರವೆಂಬಂತೆ ಕಂಡುವು. ಜನ ಮುಗಿಬಿದ್ದು ನೋಡಿದರು. ಆದರೆ ಕಾದಂಬರಿಕಾರರಿಗೆ ಅದು ಒಪ್ಪಿಗೆಯಾಗಲಿಲ್ಲ. ಹೀಗೆ ಒಂದು ಕೃತಿಯನ್ನು ಲಕ್ಷಾಂತರ ಜನ ಮೆಚ್ಚಿ, ಅದರ ಮೂಲಕರ್ತೃವು ಮೆಚ್ಚದೆಹೋದ ಪ್ರಸಂಗಕ್ಕಿಂತ ಉತ್ತಮವಾದ ವಾದವಿಷಯವು ತರುಣ ಲೇಖಕನಿಗೆ ಬೇಕೆ? ಇಲ್ಲಿ ಗೈಡು ನೆರವಿಗೆ ಬಾರದು. ಕಾದಂಬರಿಯನ್ನು ಓದಬೇಕು, ಚಿತ್ರವನ್ನು ನೋಡಬೇಕು, ಕಥಾನಾಯಕ ರಾಮಾಚಾರಿಗೂ ಚಾಮಯ್ಯ ಮೇಷ್ಟರಿಗೂ ಇರುವ ಸಂಬಂಧವು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಏನಾಯಿತೆಂಬುದನ್ನು ಸನ್ನಿವೇಶ ಹಿಡಿದು ತೋರಿಸಬೇಕು, ಆಮೇಲೆ ತನ್ನ ತೀರ್ಪನ್ನು ಹೇಳಬೇಕು.

ನನ್ನ ತರಗತಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸುವೆನು. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ಮೊದಲು ಬರೆದು ತಂದ ಪ್ರಬಂಧವು, ಸ್ತ್ರೀಯರ ಸಮಸ್ಯೆಯು ಇಂದಿನ ಜ್ವಲಂತ ಸಮಸ್ಯೆಗಳಲ್ಲೊಂದಾಗಿದೆ ಎಂಬ, ನಾನು ನೂರಾರು ಸಲ ಓದಿದ ವಾಕ್ಯದಿಂದ ಆರಂಭವಾಗಿತ್ತು. 1963ರಲ್ಲಿ ಅಕಾಲದಲ್ಲಿಯೇ ತೀರಿಕೊಂಡ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣನವರು ತೆಗೆದ ‘ಶರಪಂಜರ’ವನ್ನು ನೋಡಿ, ಅದನ್ನು ಆ ಕಾಲದಲ್ಲಿ ಕಂಡ ಯಾರನ್ನಾದರೂ ಮಾತನಾಡಿಸಿ ಬಾ ಎಂದು ಕಳುಹಿಸಿದೆನು. ಮರುವಾರ ಅವಳು ತಂದ ಪ್ರಬಂಧದ ಮೊದಲ ವಾಕ್ಯ ಹೀಗಿತ್ತು: ‘ನಮ್ಮ ಅಜ್ಜಿ ಶರಪಂಜರ ನೋಡಿಬಂದ ರಾತ್ರಿ ಊಟ ಮಾಡಲಿಲ್ಲ.’ ಬುದ್ಧಿ ಸ್ವಸ್ಥವಾದ ಮೇಲೂ ಮನೆಯವರ ಸಂಶಯದ ಕಣ್ಣಿನಿಂದ ಪಾರಾಗದೆ ಮತ್ತೆ ಅದೇ ಕತ್ತಲೆಗೆ ಜಾರುವ ಕಾವೇರಿಯನ್ನು ತೆರೆಯ ಮೇಲೆ ಕಂಡಾಗ ಆ ಅಜ್ಜಿಗೆ, ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಸಿಕೊಂಡು ಬಾಳು ಸವೆಸಿದ ತನ್ನ ಸ್ವಂತ ಅಕ್ಕನ ನೆನಪು ಬಂದಿತ್ತಂತೆ. ಐವತ್ತು ವರ್ಷ ಅದನ್ನು ಯಾರೊಡನೆಯೂ ಆಡಿರಲಿಲ್ಲವಂತೆ. ಆ ಹುಡುಗಿ ಅದನ್ನು ಮೂರು ಸಲ ತಿದ್ದಿ ಬರೆದಳು. ವಿಶೇಷಣಗಳು ತಾವಾಗಿ ಉದುರಿದುವು. ಕಾಗುಣಿತದ ತಪ್ಪುಗಳನ್ನು, ನಾನು ಹೇಳುವ ಮುನ್ನವೇ, ನಾಚಿಕೊಂಡು ತಾನೇ ಹುಡುಕಿ ತೆಗೆದಳು. ಹೇಳಲೇಬೇಕಾದ ಮಾತೊಂದು ದೊರಕಿದಾಗ ಶುದ್ಧವಾಗಿ ಬರೆಯಬೇಕೆಂಬ ಇಚ್ಛೆಯೂ ಹುಟ್ಟುತ್ತದೆಂಬುದನ್ನು ನಾನು ಆ ದಿನ ಕಲಿತೆನು.

ಗತಕಾಲವನ್ನು ತೋರಿಸಿ ಹಳಹಳಿಕೆಯನ್ನು ಕಲಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪವುಂಟು. ಆ ದಶಕವನ್ನು ಸುವರ್ಣಯುಗವೆಂದು ಬೋಧಿಸಿದರೆ ಆಗುತ್ತದೆ, ನಿಜ. ಆದುದರಿಂದ ಜನಪ್ರಿಯ ಕಥೆಗಳಲ್ಲಿ ಕಂಡವರಾರು, ಕಾಣದವರಾರು ಎಂಬ ಪ್ರಶ್ನೆಯು ಈ ಪಾಠದ ಹೃದಯಸ್ಥಾನದಲ್ಲಿರಬೇಕು. ಆ ಪ್ರಶ್ನೆಯು ಆ ದಶಕದಲ್ಲಿಯೇ ಎದ್ದಿತ್ತು: ರಾಜ್ಯಕ್ಕೆ ಕರ್ನಾಟಕವೆಂಬ ನಾಮಧೇಯ ಬಂದ 1973ರ ನವೆಂಬರಿನಲ್ಲಿಯೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿ, ನಾಡೆಲ್ಲ ಕ್ಷೋಭೆಗೊಂಡು, ಅವರು ಮಂತ್ರಿಪದವಿಯನ್ನು ತ್ಯಜಿಸಬೇಕಾಯಿತು. 1975ರಲ್ಲಿ, ಒಂದು ಕಡೆ ತುರ್ತುಪರಿಸ್ಥಿತಿಯು ಪತ್ರಿಕೆಗಳ ಬಾಯಿ ಕಟ್ಟಿದಾಗ, ಇನ್ನೊಂದು ಕಡೆ ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ಯು ಬಿ.ವಿ. ಕಾರಂತರ ನಿರ್ದೇಶನದಲ್ಲಿ ಚಿತ್ರವಾಯಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಈ ಸಿದ್ಧಲಿಂಗಯ್ಯನವರು ಕವಿ. ‘ಬಂಗಾರದ ಮನುಷ್ಯ’ದ ನಿರ್ದೇಶಕರು ಬೇರೆಯವರು. ಹೆಸರೊಂದೇ ಆದ ಇಬ್ಬರನ್ನು ಬೇರ್ಪಡಿಸಿ ತಿಳಿದುಕೊಳ್ಳದೆ ಬರೆಯಹೊರಟ ವಿದ್ಯಾರ್ಥಿಯು ಮೊದಲ ಪುಟದಲ್ಲಿಯೇ ಎಡವುತ್ತಾನೆ. ಎಡವಿದವನು ಸಂಗತಿಯನ್ನು ಪರಿಶೀಲಿಸಿ ಬರೆಯುವ ಅಭ್ಯಾಸವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಭೂಮಿಯನ್ನು ಹಸುರಾಗಿಸಿ ಅದನ್ನು ತ್ಯಜಿಸಿ ಹೋಗುವ ರಾಜೀವನನ್ನೂ, ಒಂದು ತುಂಡು ಭೂಮಿಯನ್ನು ಬೇಸಾಯ ಮಾಡಬೇಕೆಂಬ ಆಸೆಯನ್ನೇ ಹೊತ್ತು ಸಾಯುವ ಚೋಮನನ್ನೂ ಎದುರುಬದುರಾಗಿ ನಿಲ್ಲಿಸಿ ಒಂದು ಪ್ರಬಂಧವನ್ನು ಬರೆದವನಿಗೆ ಹಳಹಳಿಕೆಯ ರೋಗ ತಗಲಲಾರದು.

ಸಾಹಿತ್ಯದ ಪೀಠದಲ್ಲಿ ಸಿನಿಮಾವನ್ನು ಕೂರಿಸಬಾರದೆಂಬುದು ಮತ್ತೊಂದು ಆಕ್ಷೇಪ. ಪಂಪನನ್ನೂ ಕುಮಾರವ್ಯಾಸನನ್ನೂ ಪಠ್ಯದಿಂದ ಕೆಳಗಿಳಿಸಬೇಕೆಂದು ನಾನು ಹೇಳುತ್ತಿಲ್ಲ. ಅವರ ಸ್ಥಾನವು ಅಚಲ. ಕಾವ್ಯವನ್ನು ಆಸ್ವಾದಿಸುವ ಪಾಠ ಬೇರೆ, ಗದ್ಯವನ್ನು ಬರೆಯುವ ಅಭ್ಯಾಸ ಬೇರೆ. ಎರಡನೆಯದಕ್ಕೆ ನಮ್ಮಲ್ಲಿ ಈಗ ಸ್ಥಾನವೇ ಇಲ್ಲವೆಂಬುದು ನನ್ನ ದೂರು. ಇಂಗ್ಲೆಂಡಿನಲ್ಲಿ ರಿಚರ್ಡ್ ಹೊಗಾರ್ಟ್ ಎಂಬ ವಿದ್ವಾಂಸರು ದುಡಿಯುವ ಜನರ ಓದು ಮನೋರಂಜನೆಗಳನ್ನು ಗೌರವದಿಂದ ಪರಿಶೀಲಿಸಿ 1957ರಲ್ಲಿ ಪುಸ್ತಕ ಬರೆದರು. ಅಮೆರಿಕದ ಕಾಲೇಜುಗಳು ಮೊದಲ ವರ್ಷದಲ್ಲಿ ಬರವಣಿಗೆಯನ್ನೇ ಪ್ರತ್ಯೇಕ ಪಾಠವಾಗಿ ಇಟ್ಟಿವೆ. ಅಷ್ಟು ದೂರ ಹೋಗುವುದೂ ಬೇಡ. ಹಳ್ಳಿಯವರ ಹಾಡುಕಥೆಗಳೆಂದು ಪಂಡಿತರು ಒಮ್ಮೆ ಅವಜ್ಞೆಯಿಂದ ಕಂಡ ಜಾನಪದಕ್ಕೆ ಇಂದು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ. ಜನರ ಮನಸ್ಸನ್ನು ತುಂಬಿಕೊಂಡದ್ದು ಯಾವುದೂ ವಿದ್ಯೆಗೆ ಅನರ್ಹವಲ್ಲ.

ಕಾರ್ಯಸಾಧ್ಯತೆಯ ಪ್ರಶ್ನೆಯೊಂದು ಉಳಿಯುತ್ತದೆ. ತರಗತಿಯೊಂದರಲ್ಲಿ ನೂರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಅದರಲ್ಲಿಯೂ ಅತಿಥಿ ಉಪನ್ಯಾಸಕರಾಗಿ ಎರಡು ಕಾಲೇಜುಗಳ ನಡುವೆ ಓಡಾಡುತ್ತ ಪಾಠ ಹೇಳುವ ನಮ್ಮ ಅಧ್ಯಾಪಕರು ಪ್ರತಿಯೊಂದು ಪ್ರಬಂಧವನ್ನೂ ಮೂರು ಸಲ ತಿದ್ದಬೇಕೆಂದರೆ ಅದು ಅನ್ಯಾಯವಾದೀತು. ವರ್ಷಾರ್ಧಕ್ಕೆ ನಾಲ್ಕೇ ಪ್ರಬಂಧಗಳಿರಲಿ: ಒಂದು ವರ್ಣನೆ, ಒಂದು ಸಂದರ್ಶನ, ಒಂದು ತುಲನೆ, ಒಂದು ವಾದ. ಕರಡನ್ನು ವಿದ್ಯಾರ್ಥಿಗಳು ಜೊತೆಜೊತೆಯಾಗಿ ಓದಿ ಪರಸ್ಪರ ತಿದ್ದಲಿ. ಕೊನೆಯ ಪ್ರತಿಯನ್ನು ಮಾತ್ರ ಅಧ್ಯಾಪಕರು ನೋಡಲಿ. 1965ರಲ್ಲಿ ಆರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳ ಹಳೆಯ ಸಂಚಿಕೆಗಳು ಗ್ರಂಥಾಲಯಗಳ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ ಅವನ್ನು ಕೊಡವಿ ಮೇಜಿನ ಮೇಲಿಡುವುದಕ್ಕೆ ಹಣ ಬೇಕಿಲ್ಲ. ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ಮಂಡಳಿಗಳು ಮನಸ್ಸು ಮಾಡಿ, ಪರೀಕ್ಷೆಯ ಅಂಕಗಳಲ್ಲಿ ಒಂದು ಭಾಗವನ್ನು ಈ ನಾಲ್ಕು ಪ್ರಬಂಧಗಳಿಗೆ ಮೀಸಲಿಟ್ಟರೆ ಉಳಿದುದು ತಾನಾಗಿ ನಡೆಯುತ್ತದೆ.

ಕಡೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. 1972ರಲ್ಲಿ ಇಪ್ಪತ್ತರ ಪ್ರಾಯದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮೊಮ್ಮಗನೋ ಮೊಮ್ಮಗಳೋ ನೋಟುಪುಸ್ತಕ ಹಿಡಿದು ಬಂದು, ಆ ದಿನ ಡೇರೆಯಲ್ಲಿ ಏನು ಕಂಡಿರಿ, ಏಕೆ ಅತ್ತಿರಿ ಎಂದು ಕೇಳಿದರೆ, ಅದೆಲ್ಲ ಈಗೇಕೆ ಎಂದು ತಳ್ಳಿಹಾಕದೆ, ಪಕ್ಕದಲ್ಲಿ ಕೂರಿಸಿಕೊಂಡು ನೆನಪಿರುವಷ್ಟನ್ನು ಹೇಳಿರಿ. ಆ ಮಗು ಬರೆಯುವುದನ್ನು ಕಲಿಯುತ್ತಿದೆ.