ಈ ವಯಸ್ಸಿನಲ್ಲಿ ಏತಕ್ಕೆ?

ಸನದ್‌ನ ನಮ್ಮ ಮನೆಗಳಲ್ಲಿ ಮಕ್ಕಳು ಉನ್ನತ ವ್ಯಾಸಂಗಕ್ಕೆಂದು ಊರಿಗೆ ತೆರಳಿದ ಮೇಲೆ ಗೃಹಿಣಿಯೊಬ್ಬಳು "ನಾನೂ ಎಂ.ಎ.ಗೆ ಸೇರುತ್ತೇನೆ" ಎಂದರೆ ಕೇಳಿಬರುವ ಪ್ರಶ್ನೆ ಒಂದೇ: "ಈ ವಯಸ್ಸಿನಲ್ಲಿ ಏತಕ್ಕೆ?" ಬಿ.ಎ. ಮುಗಿಸಿ, ಮದುವೆಯಾಗಿ, ಪತಿಯೊಡನೆ ಈ ದ್ವೀಪಕ್ಕೆ ಬಂದ ನನ್ನನ್ನೂ ಈ ಪ್ರಶ್ನೆ ಬಿಟ್ಟಿಲ್ಲ. ಐವತ್ತು ದಾಟಿದ ಪುರುಷನೊಬ್ಬ ಬಡ್ತಿಗಾಗಿ ಪರೀಕ್ಷೆಗೆ ಕುಳಿತರೆ ಅದನ್ನು ಛಲವೆನ್ನುವ ನಾವು, ಹೆಂಗಸಿನ ಓದನ್ನು ಮಾತ್ರ ಹವ್ಯಾಸವೆನ್ನುವುದೇಕೆ?

ಪ್ರೌಢ ಸ್ತ್ರೀಯರ ವ್ಯಾಸಂಗ ನಮ್ಮ ನಾಡಿಗೆ ಹೊಸದೇನಲ್ಲ. ಬಾಲ್ಯವಿವಾಹದ ಬಂಧನದಿಂದ ಹೊರಬಂದು ಓದಿ ವಕೀಲರಾದ ದುರ್ಗಾಬಾಯಿ ದೇಶಮುಖರು ಕಟ್ಟಿ ಬೆಳೆಸಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು 1958ರಲ್ಲಿಯೇ ವಯಸ್ಕ ಮಹಿಳೆಯರಿಗಾಗಿ ಸಂಕ್ಷಿಪ್ತ ಶಿಕ್ಷಣಕ್ರಮವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತೆರೆದ ಅಂಚೆ ಶಿಕ್ಷಣ ವಿಭಾಗವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ನಾವು ನೆಲೆಸಿರುವ ಬಹರೈನ್‌ನಲ್ಲಿಯೂ 1928ರಲ್ಲಿ ಮುಹರಖ್‌ನಲ್ಲಿ ಹೆಣ್ಣುಮಕ್ಕಳ ಮೊದಲ ಸಾರ್ವಜನಿಕ ಶಾಲೆ ಆರಂಭವಾಯಿತು. ಇಂದು ಇಲ್ಲಿ ಅರಬ್ ಮುಕ್ತ ವಿಶ್ವವಿದ್ಯಾನಿಲಯದ ಶಾಖೆಯೂ ಇದೆ. ಬಾಗಿಲುಗಳು ತೆರೆದೇ ಇವೆ; ಅಡ್ಡವಾಗಿರುವುದು ನಮ್ಮ ಮನೆಯ ಹೊಸ್ತಿಲು ಮಾತ್ರ.

ಐವತ್ತರಲ್ಲಿ ಪಡೆದ ಪದವಿಯಿಂದ ಉದ್ಯೋಗ ಸಿಕ್ಕೇ ತೀರುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಕೊಲ್ಲಿಯ ಗೃಹಿಣಿಯರಲ್ಲಿ ಬಹುಮಂದಿ ಇಲ್ಲಿರುವುದು ಪತಿಯ ಉದ್ಯೋಗದ ಆಧಾರದಿಂದ. ಆ ಉದ್ಯೋಗ ತೀರಿದ ದಿನ ಊರಿಗೆ ಮರಳಲೇಬೇಕು. ಆಗ ಪತಿಯ ಕೈಯಲ್ಲಿ ಮೂವತ್ತು ವರ್ಷಗಳ ಅನುಭವ ಪತ್ರಗಳಿರುತ್ತವೆ. ಅಷ್ಟೇ ವರ್ಷ ದುಡಿದ ಪತ್ನಿಯ ಕೈಯಲ್ಲಿ ಏನಿರುತ್ತದೆ? ತನ್ನದೇ ಹೆಸರಿನ ಒಂದು ಪದವಿ ಪತ್ರ, ಅದಕ್ಕಿಂತ ಮಿಗಿಲಾಗಿ ಓದಿ, ಆಲೋಚಿಸಿ, ಬರೆಯಬಲ್ಲೆನೆಂಬ ಧೈರ್ಯ, ಆ ಕಾಲಕ್ಕೆ ಒದಗುವ ಸಂಪತ್ತು.

ಸೇರಬಯಸುವ ಸೋದರಿಯರಿಗೆ ಒಂದು ಎಚ್ಚರಿಕೆಯ ಮಾತು. ಆಯಾ ವರ್ಷಕ್ಕೆ ಆಯಾ ಕೋರ್ಸಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂದು ನೋಡಿಯೇ ಶುಲ್ಕ ಕಟ್ಟಿರಿ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೇ 2013ರಿಂದ ಕೆಲವು ವರ್ಷ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಅದನ್ನು ಮರಳಿ ಪಡೆಯಿತು. ನಡುವೆ ಸಿಲುಕಿದ ವಿದ್ಯಾರ್ಥಿಗಳ ಪಾಡನ್ನು ಮರೆಯುವಂತಿಲ್ಲ. ಪರೀಕ್ಷೆ ಎಲ್ಲಿ ನಡೆಯುತ್ತದೆ, ಅದಕ್ಕಾಗಿ ಊರಿಗೆ ಹೋಗಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಸಮ್ಮೇಳನದ ಪ್ರತಿನಿಧಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ಪ್ರತಿಭಾವಂತ ಮಕ್ಕಳಿಗೆ ನಮ್ಮ ಸಂಘಗಳು ಪುರಸ್ಕಾರ ನೀಡುವುದು ಸಂತೋಷದ ಸಂಗತಿ. ಅದೇ ವೇದಿಕೆಯಲ್ಲಿ, ವರ್ಷಕ್ಕೊಬ್ಬ ಗೃಹಿಣಿಗಾದರೂ ಮೊದಲ ವರ್ಷದ ಶುಲ್ಕ ನೀಡುವ ನಿಧಿಯೊಂದನ್ನು ಸ್ಥಾಪಿಸಬಾರದೇಕೆ? ಪರೀಕ್ಷೆಯ ದಿನಗಳಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ನಾಲ್ಕು ಮನೆಗಳು ಸರದಿಯಂತೆ ಮುಂದೆ ಬರಬಾರದೇಕೆ? ಇನ್ನು ಮನೆಯ ಯಜಮಾನರಿಂದ ಬೇಕಾದುದು ಹಣಕ್ಕಿಂತ ಮುಖ್ಯವಾಗಿ ದಿನಕ್ಕೆರಡು ಗಂಟೆಗಳ ಬಿಡುವು. ಆ ಹೊತ್ತಿನಲ್ಲಿ ಕಾಫಿ ತಾವೇ ಮಾಡಿಕೊಂಡರೆ ಸಾಕು. ಓದುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ.